ನವಾಗತ ವಿದ್ಯಾರ್ಥಿಯ ವಸತಿವಿಚಾರ

೧

ಪರಸ್ಥಳದಿಂದ ಬಂದು ವಿಶ್ವವಿದ್ಯಾನಿಲಯವನ್ನು ಹೊಸದಾಗಿ ಸೇರುವ ವಿದ್ಯಾರ್ಥಿಗೆ, ಯಾವ ಶಾಸ್ತ್ರವನ್ನು ಓದಬೇಕೆಂಬ ಪ್ರಶ್ನೆಗಿಂತ ಮೊದಲು ಎಲ್ಲಿ ಇಳಿದುಕೊಳ್ಳಬೇಕೆಂಬ ಪ್ರಶ್ನೆಯು ಎದುರಾಗುವುದು. ನೆಂಟರ ಮನೆಯೋ, ಬಾಡಿಗೆಯ ಕೊಠಡಿಯೋ, ಕಾಲೇಜಿನ ವಿದ್ಯಾರ್ಥಿನಿಲಯವೋ, ತನ್ನ ಸಮಾಜದವರು ಕಟ್ಟಿಸಿದ ನಿಲಯವೋ, ಮಠದ ಪ್ರಸಾದನಿಲಯವೋ ಎಂದು ತಂದೆಯೂ ಮಗನೂ ಕುಳಿತು ಆಲೋಚಿಸುವರು. ಊಟದ ವೆಚ್ಚ, ಕಾಲೇಜಿನ ದೂರ, ಜತೆಯವರ ನಡತೆ, ದೀಪದ ಅನುಕೂಲ ಇವೆಲ್ಲವೂ ಈ ಆಲೋಚನೆಯಲ್ಲಿ ಸೇರುವುವು. ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪಾಠಕ್ರಮಕ್ಕೂ ಗುರುಪರಂಪರೆಗೂ ಸಂದಿರುವ ಗಮನವು ಈ ವಿಷಯಕ್ಕೆ ಸಂದಿಲ್ಲ. ಆದರೆ ವಿದ್ಯೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಅರಿಯಬೇಕಾದರೆ ವಿದ್ಯಾರ್ಥಿಯು ರಾತ್ರಿ ಎಲ್ಲಿ ಮಲಗಿದನು, ಯಾರ ಅನ್ನವನ್ನು ಉಂಡನು ಎಂಬುದನ್ನು ವಿಚಾರಿಸಲೇಬೇಕು.

ಈ ವಿಷಯದಲ್ಲಿ ರೂಢವಾಗಿರುವ ಅಭಿಪ್ರಾಯವೊಂದುಂಟು. ಪ್ರಾಚೀನ ಕಾಲದಲ್ಲಿ ಗುರುವಿನ ಮನೆಯೇ ಶಿಷ್ಯನ ಮನೆಯಾಗಿತ್ತು. ಅನ್ನವಸ್ತ್ರಗಳನ್ನು ನೋಡಿ ವಿದ್ಯಾಸ್ಥಾನವನ್ನು ಆರಿಸುವ ವಾಡಿಕೆ ಇರಲಿಲ್ಲ. ರಾಜಪುತ್ರನೂ ದರಿದ್ರನೂ ಒಂದೇ ಸೂರಿನ ಕೆಳಗೆ ಬೆಳೆದರು. ಒಂದೊಂದು ಸಮಾಜಕ್ಕೆ ಒಂದೊಂದು ನಿಲಯವೆಂಬ ವಿಭಾಗವು ಆಧುನಿಕ ಕಾಲದ ದೋಷ—ಇದು ಆ ಅಭಿಪ್ರಾಯದ ಸಾರ. ಇದರಲ್ಲಿ ಎರಡು ಅಂಶಗಳಿವೆ. ಅನ್ನಕ್ಕಾಗಿ ವಿದ್ಯಾಸ್ಥಾನವನ್ನು ಆರಿಸುವುದು ಹೊಸದು ಎಂಬುದು ಒಂದು. ವಿಭಾಗವು ಹೊಸದು ಎಂಬುದು ಮತ್ತೊಂದು. ವ್ಯಾಕರಣಗ್ರಂಥಗಳು, ವಿದೇಶೀಯ ಯಾತ್ರಿಕರ ಬರೆಹಗಳು, ಶಿಲಾಶಾಸನಗಳು ಇವನ್ನು ಆಧಾರವಾಗಿಟ್ಟುಕೊಂಡು ಪರೀಕ್ಷಿಸಿದರೆ ಎರಡೂ ನಿಲ್ಲುವುದಿಲ್ಲ.

೨

ಶಿಷ್ಯನಿಗೆ ಸಂಸ್ಕೃತದಲ್ಲಿ 'ಅಂತೇವಾಸಿ' ಎಂಬ ಹೆಸರುಂಟು. ಹತ್ತಿರದಲ್ಲಿ ವಾಸಮಾಡುವವನು ಎಂಬುದು ಅದರ ಅರ್ಥ. ಓದುವುದನ್ನು ಹೇಳದೆ ವಾಸಿಸುವುದನ್ನೇ ಹೇಳುವ ಈ ಶಬ್ದದಿಂದ, ಆ ಕಾಲದಲ್ಲಿ ವಸತಿಯೂ ವಿದ್ಯೆಯೂ ಬೇರೆಬೇರೆಯಾಗಿರಲಿಲ್ಲವೆಂದು ಸಿದ್ಧವಾಗುವುದು. ಇಷ್ಟರ ಮಟ್ಟಿಗೆ ರೂಢಿಯ ಅಭಿಪ್ರಾಯವು ಸಾಧುವೇ.

ಆದರೆ ಅದೇ ವೈಯಾಕರಣರ ಉದಾಹರಣೆಗಳಲ್ಲಿ ಬೇರೊಂದು ಚಿತ್ರವೂ ಇದೆ. ಗುರುಕುಲದಿಂದ ಗುರುಕುಲಕ್ಕೆ ಹಾರುತ್ತ ಎಲ್ಲಿಯೂ ಬಹುಕಾಲ ನಿಲ್ಲದ ವಿದ್ಯಾರ್ಥಿಯನ್ನು 'ತೀರ್ಥಕಾಕ'ನೆಂದು ಕರೆಯುತ್ತಿದ್ದರೆಂದು ಪತಂಜಲಿಯು ಮಹಾಭಾಷ್ಯದಲ್ಲಿ ವಿವರಿಸಿದ್ದಾನೆ. ತೀರ್ಥದ ದಡದಲ್ಲಿ ಕಾಗೆ ನಿಲ್ಲದು, ಇವನೂ ಹಾಗೆಯೇ. ಮೇಲಾಗಿ, 'ಓದನಪಾಣಿನೀಯ' ಮತ್ತು 'ಘೃತರೌಢೀಯ' ಎಂಬ ಶಬ್ದಗಳೂ ಮಹಾಭಾಷ್ಯದಲ್ಲಿವೆ. ಅನ್ನ ದೊರೆಯುವುದೆಂದು ಪಾಣಿನಿಯ ಶಾಸ್ತ್ರವನ್ನು ಓದಹೊರಟವನು ಓದನಪಾಣಿನೀಯ. ತುಪ್ಪದ ಆಶೆಯಿಂದ ರೌಢಿಯ ಮತವನ್ನು ಹಿಡಿದವನು ಘೃತರೌಢೀಯ. ಕಾಶಿಕಾವೃತ್ತಿಯು ಕಂಬಳಿಗಾಗಿ ಚಾರಾಯಣನ ಶಿಷ್ಯನಾದವನಿಗೂ ಇಂತಹದೇ ಹೆಸರನ್ನು ಕೊಡುವುದು. ಇವೆಲ್ಲವೂ ಕ್ಷೇಪಾರ್ಥದಲ್ಲಿ, ಎಂದರೆ ನಿಂದೆಯಲ್ಲಿ, ಬಳಸುವ ಶಬ್ದಗಳು.

ನಿಂದೆಯಿದ್ದ ಕಡೆ ನಿಂದ್ಯವಾದ ಆಚಾರವೂ ಇದ್ದಿರಲೇಬೇಕು. ಅನ್ನ, ತುಪ್ಪ, ಕಂಬಳಿಗಳನ್ನು ವಿಚಾರಿಸಿ ವಿದ್ಯಾಸ್ಥಾನವನ್ನು ಆರಿಸುವ ವಿದ್ಯಾರ್ಥಿಗಳು ವ್ಯಾಕರಣದ ಉದಾಹರಣೆಗೆ ಒದಗುವಷ್ಟು ಸಾಮಾನ್ಯರಾಗಿದ್ದರೆಂಬುದು ಇದರಿಂದ ಸ್ಪಷ್ಟ. ಆದರೆ ನಿಂದಿಸಿದವರು ಯಾರು? ಅನ್ನವು ಮನೆಯಲ್ಲಿ ಸಿದ್ಧವಾಗಿದ್ದವನು, ಇಲ್ಲದವನನ್ನು ನೋಡಿ ಹೇಳಿದ ಮಾತು ಇದಾಗಿರಬಾರದೇಕೆ? ಈ ಪ್ರಶ್ನೆಯನ್ನು ಮುಂದೆಯೂ ನೆನಪಿನಲ್ಲಿಡಬೇಕು.

ಪಾಲಿಯ ಜಾತಕಕಥೆಗಳಲ್ಲಿ ತಕ್ಷಶಿಲೆಯ ವಿದ್ಯಾರ್ಥಿಗಳು ಎರಡು ಬಗೆಯಾಗಿ ಕಾಣಿಸುವರು. ಆಚಾರ್ಯನಿಗೆ ಧನವನ್ನು ಮೊದಲೇ ಒಪ್ಪಿಸಿದವನು ಹಗಲು ಪಾಠ ಕೇಳಿ, ಮನೆಯ ಮಗನಂತೆ ಇರುವನು. ಧನವಿಲ್ಲದವನು ಹಗಲು ಗುರುವಿನ ಕೆಲಸವನ್ನು ಮಾಡಿ ರಾತ್ರಿ ಪಾಠ ಕೇಳುವನು. ಜುಣ್ಹಜಾತಕದ ಕಾಶೀರಾಜಕುಮಾರನಾದರೋ, ಪಾಠವಾದ ಮೇಲೆ ಕತ್ತಲಲ್ಲಿ ಆಚಾರ್ಯನ ಮನೆಯನ್ನು ಬಿಟ್ಟು ತನ್ನ ಬಿಡಾರಕ್ಕೆ ಹೋಗುತ್ತಾನೆ. ಕಥೆಗಳೇ ಆದರೂ ಇವು ಕಾಲದ ವ್ಯವಹಾರವನ್ನು ಬಲ್ಲವರು ಹೇಳಿದ ಕಥೆಗಳು. ಒಂದೇ ಸೂರಿನ ಕೆಳಗೆ ಎಲ್ಲರೂ ಸಮವಾಗಿದ್ದರೆಂಬ ಮಾತಿಗೆ ಇವುಗಳ ಬೆಂಬಲವಿಲ್ಲ.

ಪಾಣಿನಿಯ ಸೂತ್ರವೊಂದರಿಂದ 'ಛಾತ್ರಿಶಾಲಾ' ಎಂಬ ಶಬ್ದವೂ ತಿಳಿಯಬರುತ್ತದೆ. ಇದನ್ನು ವಿದ್ಯಾರ್ಥಿನಿಯರ ವಸತಿಗೃಹವೆಂದು ಅರ್ಥಮಾಡಿದ ವಿದ್ವಾಂಸರುಂಟು. ಆದರೆ ಸ್ವರನಿರ್ಣಯಕ್ಕಾಗಿ ಬಂದ ಒಂದು ಶಬ್ದದ ಮೇಲೆ ಹೆಚ್ಚಿನ ಭಾರವನ್ನು ಹೊರಿಸುವುದು ಯುಕ್ತವಲ್ಲ.

೩

ನೂರಾರು ವಿದ್ಯಾರ್ಥಿಗಳು ಒಂದೆಡೆ ಸೇರಿದಾಗ ಗುರುವಿನ ಮನೆ ಸಾಲದು. ಕೊಠಡಿಗಳನ್ನು ಹಂಚುವ ಕ್ರಮವೊಂದು ಬೇಕಾಗುವುದು. ಈ ಕ್ರಮವು ನಾಲಂದೆಯ ವಿಷಯದಲ್ಲಿ ಚೆನ್ನಾಗಿ ತಿಳಿದಿದೆ. ಏಳನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಹತ್ತು ವರ್ಷ ಅಲ್ಲಿದ್ದ ಚೀನೀಯತಿ ಇತ್ಸಿಂಗನು, ಅಲ್ಲಿ ೮ ಶಾಲೆಗಳೂ ೩೦೦ ಕೋಣೆಗಳೂ ಇದ್ದುವೆಂದೂ, ವಾಸಿಗಳ ಸಂಖ್ಯೆ ಮೂರು ಸಾವಿರವನ್ನು ಮೀರಿತ್ತೆಂದೂ, ೨೦೦ಕ್ಕೆ ಮಿಗಿಲಾದ ಗ್ರಾಮಗಳ ಉತ್ಪನ್ನವು ವಿಹಾರಕ್ಕೆ ಸಲ್ಲುತ್ತಿತ್ತೆಂದೂ ಬರೆದಿದ್ದಾನೆ. ವರ್ಷಾವಾಸಕ್ಕೆ ಮುಂಚೆ ಪ್ರತಿವರ್ಷವೂ ಸಂಘವು ಕೋಣೆಗಳನ್ನು ಹೊಸದಾಗಿ ಹಂಚುತ್ತಿತ್ತು. ಒಳ್ಳೆಯ ಕೋಣೆಗಳು ಸ್ಥವಿರರಿಗೆ. ಅಲ್ಲಿಂದ ಕ್ರಮವಾಗಿ ಇಳಿದು ಕಿರಿಯರಿಗೆ. ಕೊನೆಯಲ್ಲಿ ಬಂದವನಿಗೆ ಕೊನೆಗೆ ಉಳಿದ ಕೋಣೆ. ನವಾಗತನು ಆರಿಸುವಂತಿರಲಿಲ್ಲ, ಆದರೆ ಅವನಿಗೆ ಕೋಣೆ ಇಲ್ಲವೆನ್ನುವಂತೆಯೂ ಇರಲಿಲ್ಲ. ವರ್ಷಗಳು ಕಳೆದಂತೆ ಅವನೂ ಹಿರಿಯನಾಗಿ ಒಳ್ಳೆಯ ಕೋಣೆಗೆ ಹಕ್ಕುದಾರನಾಗುತ್ತಿದ್ದನು. ನಾಲಂದೆಯ ಉತ್ಖನನದಲ್ಲಿ ದೊರೆತ ವಿಹಾರಗಳಲ್ಲಿ ಅಂಗಳದ ಸುತ್ತಲೂ ಸಾಲಾಗಿ ಚಿಕ್ಕ ಚಿಕ್ಕ ಕೋಣೆಗಳಿದ್ದು, ಕೆಲವುದರಲ್ಲಿ ಮಲಗಲು ಕಟ್ಟಿದ ಜಗಲಿಗಳನ್ನು ಇಂದಿಗೂ ಕಾಣಬಹುದು.

ಈ ಕ್ರಮಕ್ಕೂ ಅಪವಾದಗಳುಂಟು. ಇತ್ಸಿಂಗನಿಗಿಂತ ಮೊದಲು ಬಂದ ಹ್ಯುಯೆನ್‌ತ್ಸಾಂಗನನ್ನು ಮೊದಲು ಬಾಲಾದಿತ್ಯರಾಜನ ವಿಹಾರದಲ್ಲಿ ಬುದ್ಧಭದ್ರನ ಮನೆಯಲ್ಲಿ ಇಳಿಸಿ, ಅನಂತರ ಬೇರೆ ಬಿಡಾರವನ್ನು ಕೊಟ್ಟು, ಮಹಾಶಾಲಿ ಎಂಬ ದಪ್ಪಕಾಳಿನ ಅಕ್ಕಿ, ಹಣ್ಣು, ಅಡಕೆಗಳನ್ನು ದಿನದಿನವೂ ಸಲ್ಲಿಸುತ್ತಿದ್ದರೆಂದು ಅವನ ಚರಿತ್ರೆಯನ್ನು ಬರೆದ ಹ್ವೀಲಿಯು ಹೇಳುತ್ತಾನೆ. ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ ಅರಸನಾದ ಬಾಲಪುತ್ರದೇವನು ನಾಲಂದೆಯಲ್ಲಿ ಒಂದು ವಿಹಾರವನ್ನು ಕಟ್ಟಿಸಿದನು. ಅದಕ್ಕೆ ಪಾಲರ ದೇವಪಾಲನು ಐದು ಗ್ರಾಮಗಳನ್ನು ಬಿಟ್ಟುದಾಗಿ ತಾಮ್ರಶಾಸನವಿದೆ. ಇದಕ್ಕಿಂತ ಹಿಂದೆ, ಸಮುದ್ರಗುಪ್ತನ ಕಾಲದಲ್ಲಿ, ಬೋಧಗಯೆಗೆ ಹೋದ ಸಿಂಹಳದ ಭಿಕ್ಷುಗಳಿಗೆ ತಂಗಲು ಸ್ಥಳ ಸಿಕ್ಕದೆ ಹೋದುದರಿಂದ, ಸಿಂಹಳದ ಮೇಘವರ್ಣನು ಸಮುದ್ರಗುಪ್ತನ ಅನುಮತಿಯನ್ನು ಪಡೆದು ಅಲ್ಲಿ ತನ್ನ ದೇಶದವರಿಗಾಗಿ ವಿಹಾರವನ್ನು ಕಟ್ಟಿಸಿದನೆಂದು ಚೀನೀಗ್ರಂಥಗಳಿಂದ ತಿಳಿಯುತ್ತದೆ. ಪರಸ್ಥಳದಲ್ಲಿ ತಮ್ಮವರಿಗೆ ನೆಲೆಯಿಲ್ಲವೆಂದು ಕಂಡಾಗ ತಮ್ಮವರಿಗೋಸ್ಕರ ಮನೆ ಕಟ್ಟುವ ವಾಡಿಕೆಯು ನಾಲ್ಕನೆಯ ಶತಮಾನದಷ್ಟು ಹಳೆಯದು.

೪

ಕನ್ನಡನಾಡಿಗೆ ಬಂದರೆ, ವಿದ್ಯೆಗಾಗಿ ಊರು ಬಿಟ್ಟವರಲ್ಲಿ ಮೊದಲು ನೆನಪಿಗೆ ಬರುವವನು ಮಯೂರಶರ್ಮನು. ಗುರುವಾದ ವೀರಶರ್ಮನೊಡನೆ ಅವನು ಕಾಂಚಿಯ ಘಟಿಕೆಯನ್ನು ಪ್ರವೇಶಿಸಿದುದನ್ನು ತಾಳಗುಂದದ ಸ್ತಂಭಶಾಸನವು ಹೇಳುವುದು. ಅವನು ಕಾಂಚಿಯಲ್ಲಿ ಎಲ್ಲಿ ಇಳಿದುಕೊಂಡನೆಂಬುದನ್ನು ಆ ಶಾಸನವು ಹೇಳುವುದಿಲ್ಲ. ಆ ವಿವರವು ದೊರೆಯಬೇಕಾದರೆ ಐದು ಶತಮಾನಗಳ ಈಚಿನ ಸಾಲೋಟಗಿಯ ಶಾಸನಕ್ಕೆ ಬರಬೇಕು.

ಸಾಲೋಟಗಿಯು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಗ್ರಾಮ. ಶಾಸನದಲ್ಲಿ ಅದರ ಹೆಸರು ಪಾವಿಟ್ಟಗೆ. ಕ್ರಿ.ಶ. ೯೪೫ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಅಲ್ಲಿಗೆ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ ೨೭ ಮನೆಗಳೂ, ಶಾಲೆಗೆ ೫೦೦ ನಿವರ್ತನ ಭೂಮಿಯೂ, ದೀಪಕ್ಕೆಂದೇ ೧೨ ನಿವರ್ತನವೂ, ಉಪಾಧ್ಯಾಯನಿಗೆ ೫೦ ನಿವರ್ತನವೂ ದತ್ತವಾದುವು. ಇದಲ್ಲದೆ ಊರಿನ ಬ್ರಾಹ್ಮಣರು ತಮ್ಮ ಮನೆಗಳಲ್ಲಿ ಮದುವೆಯಾದಾಗ ಐದು ನಾಣ್ಯಗಳನ್ನೂ, ಉಪನಯನವಾದಾಗ ಅದರ ಅರ್ಧವನ್ನೂ, ಚೌಲವಾದಾಗ ಅದರ ಅರ್ಧವನ್ನೂ ಶಾಲೆಗೆ ಕೊಡಲು ಒಪ್ಪಿಕೊಂಡರು. ರಾಜಮಂತ್ರಿಯ ದಾನವೊಂದರಿಂದಲೇ ವಿದ್ಯಾರ್ಥಿಯ ವಸತಿ ನಡೆಯದು, ಊರಿನ ಸಂಸಾರಗಳ ಸಂತೋಷದಲ್ಲಿ ಅವನಿಗೂ ಒಂದು ಪಾಲಿರಬೇಕು ಎಂಬ ತಿಳಿವಳಿಕೆ ಇಲ್ಲಿ ವ್ಯಕ್ತವಾಗುವುದು. ದೀಪದ ಎಣ್ಣೆಗೆ ಬೇರೆಯಾಗಿ ಭೂಮಿ ಬಿಟ್ಟುದೂ ಗಮನಾರ್ಹ. ರಾತ್ರಿ ಓದುವವನ ಕಷ್ಟವನ್ನು ಬಲ್ಲವರು ಮಾಡಿದ ಏರ್ಪಾಡು ಅದು.

ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನವು ಇನ್ನೂ ಸ್ಪಷ್ಟವಾದ ಲೆಕ್ಕವನ್ನು ಕೊಡುವುದು. ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕ ಮಧುಸೂದನನ ಘಟಿಕಾಶಾಲೆಯಲ್ಲಿ ವೇದ ಓದುವವರು ೨೦೦ ಮಂದಿ, ಶಾಸ್ತ್ರ ಓದುವವರು ೫೨ ಮಂದಿ, ಪುಸ್ತಕಭಂಡಾರವನ್ನು ನೋಡಿಕೊಳ್ಳುವ ಸರಸ್ವತೀಭಂಡಾರಿಗರು ೬ ಮಂದಿ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದ ಜತೆಗೆ ದೀನರಿಗೂ ಅಂಗಹೀನರಿಗೂ ಅನ್ನದಾನ, ರೋಗಿಗಳಿಗೆ ಔಷಧ ಇವೆಲ್ಲವೂ ಒಂದೇ ಸ್ಥಳದ ಧರ್ಮವಾಗಿ ಬಂದಿವೆ.

ನೆರೆಯ ತಮಿಳುನಾಡಿನ ಎಣ್ಣಾಯಿರದಲ್ಲಿ, ರಾಜೇಂದ್ರಚೋಳನ ಕಾಲದಲ್ಲಿ, ೩೪೦ ವಿದ್ಯಾರ್ಥಿಗಳ ಪೈಕಿ ಕಿರಿಯರಾದ ೨೭೦ ಮಂದಿಗೆ ದಿನಕ್ಕೆ ತಲಾ ೬ ನಾಳಿ ಬತ್ತವೂ, ಹಿರಿಯರಾದ ೭೦ ಮಂದಿಗೆ ತಲಾ ೧೦ ನಾಳಿ ಬತ್ತವೂ ಗೊತ್ತಾಗಿದ್ದುವು. ತಿರುಮುಕ್ಕೂಡಲಿನ ಶಾಸನದಲ್ಲಿ ಮಲಗುವ ಚಾಪೆ, ಶನಿವಾರದ ಅಭ್ಯಂಜನದ ಎಣ್ಣೆ, ರಾತ್ರಿಯ ದೀಪ ಇವೂ, ೧೫ ಹಾಸಿಗೆಗಳ ಆತುರಶಾಲೆಯೂ ಹೇಳಲ್ಪಟ್ಟಿವೆ. ನಾಲಂದೆಯ ಕೋಣೆಯಂತೆ ಎಣ್ಣಾಯಿರದ ಬತ್ತವೂ ಹಿರಿಯನಿಗೆ ಹೆಚ್ಚು, ಹೊಸಬನಿಗೆ ಕಡಮೆ.

ಈ ದತ್ತಿಗಳ ಔದಾರ್ಯವನ್ನು ಎಷ್ಟು ಹೊಗಳಿದರೂ ಸಲ್ಲುವುದು. ಆದರೆ ಅವುಗಳ ಮೇರೆಯನ್ನೂ ಹೇಳದಿದ್ದರೆ ಚರಿತ್ರೆಯು ಸ್ತುತಿಯಾದೀತು. ವೇದಾಧ್ಯಯನದ ಶಾಲೆಗಳಲ್ಲಿ ಅನ್ನವೂ ಚಾಪೆಯೂ ದ್ವಿಜಬಾಲಕರಿಗೆ ಮಾತ್ರ ದೊರೆತುವು. ಬೌದ್ಧವಿಹಾರಗಳ ಕೋಣೆಗಳು ಬಹುಮಟ್ಟಿಗೆ ಭಿಕ್ಷುಗಳವು. ದೇಶದ ಬಹುಸಂಖ್ಯಾತರಾದ ಒಕ್ಕಲುಮಕ್ಕಳಿಗೂ ಕುಶಲಕರ್ಮಿಗಳ ಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಅಲ್ಲಿ ಕೊನೆಯ ಕೋಣೆಯೂ ಇರಲಿಲ್ಲ, ಆರು ನಾಳಿಯ ಬತ್ತವೂ ಇರಲಿಲ್ಲ. ವಿಭಾಗವು ಆಧುನಿಕವೆಂಬ ಮಾತು ಇಲ್ಲಿಗೆ ಮುರಿದುಬೀಳುವುದು. ಹಿಂದೆ ಹೊರಗುಳಿದವರಿಗೆ ವಿದ್ಯಾಸ್ಥಾನದ ಪ್ರವೇಶವೇ ಇಲ್ಲದುದರಿಂದ ವಿಭಾಗವು ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

೫

೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಇವು ಅಂದಿನ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ವಿದ್ಯಾರ್ಥಿಯು ಎಲ್ಲಿ ಮಲಗಿದನೆಂಬುದು ಅವುಗಳಿಗೆ ಸೇರಿದ ವಿಷಯವಾಗಿರಲಿಲ್ಲ. 'ಅಂತೇವಾಸಿ' ಶಬ್ದವು ಕೂಡಿಸಿದ್ದ ಎರಡು ವಸ್ತುಗಳು ಹೀಗೆ ಬೇರೆಯಾದುವು. ಪಾಠದ ಬಾಗಿಲು ನಿಯಮದ ಮಟ್ಟಿಗೆ ಎಲ್ಲರಿಗೂ ತೆರೆಯಿತು. ವಸತಿಯ ಭಾರವು ವಿದ್ಯಾರ್ಥಿಯ ತಲೆಯ ಮೇಲೆ ಬಿದ್ದಿತು. ನವಾಗತನು ವಸತಿಯನ್ನು ತಾನೇ ಆರಿಸಬೇಕಾದುದು ಅಂದಿನಿಂದ.

ಆರಿಸಲು ಇದ್ದುದು ಅಲ್ಪ. ನೆಂಟರಿದ್ದವರು ನೆಂಟರ ಮನೆಯಲ್ಲಿ ನಿಂತರು. ಬಡ ಬ್ರಾಹ್ಮಣ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ವಾರಾನ್ನದಿಂದ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದ ಸರ್ ಎಂ. ವಿಶ್ವೇಶ್ವರಯ್ಯನವರು ಸೋದರಮಾವನ ಆಶ್ರಯದಲ್ಲಿದ್ದು, ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಓದಿನ ವೆಚ್ಚವನ್ನು ನಡೆಸಿಕೊಂಡರು. ಆದರೆ ವಾರಾನ್ನವೂ ನೆಂಟರ ಮನೆಯೂ, ಪಟ್ಟಣದಲ್ಲಿ ತಮ್ಮವರು ಮೊದಲೇ ನೆಲಸಿದ್ದವರಿಗೆ ಮಾತ್ರ ಒದಗತಕ್ಕವು. ಹಳ್ಳಿಯ ಒಕ್ಕಲಿಗನ ಮಗನಿಗೆ ಪಟ್ಟಣದಲ್ಲಿ ಏಳು ಮನೆಗಳಿರಲಿ, ಒಂದು ಮನೆಯೂ ಇಲ್ಲದಿರುವ ಸಂಭವವೇ ಹೆಚ್ಚಾಗಿತ್ತು.

೧೯೦೪ರ ಇಂಡಿಯನ್ ಯೂನಿವರ್ಸಿಟಿಗಳ ಶಾಸನವು ಈ ಕೊರತೆಯನ್ನು ಕಂಡುಕೊಂಡಿತು. ತಂದೆತಾಯಿಗಳೊಡನೆಯಾಗಲಿ ಪೋಷಕರೊಡನೆಯಾಗಲಿ ವಾಸಿಸದ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಅಥವಾ ಕಾಲೇಜು ಒಪ್ಪಿದ ಬಿಡಾರದಲ್ಲಿ ವಸತಿಯನ್ನು ಏರ್ಪಡಿಸುವುದು, ಕಾಲೇಜನ್ನು ವಿಶ್ವವಿದ್ಯಾನಿಲಯಕ್ಕೆ ಸೇರಿಸಿಕೊಳ್ಳುವ ನಿಬಂಧನೆಗಳಲ್ಲಿ ಒಂದಾಯಿತು. ೧೯೨೧ರಲ್ಲಿ ಆರಂಭವಾದ ಢಾಕಾ ವಿಶ್ವವಿದ್ಯಾನಿಲಯವು ಇನ್ನೂ ಮುಂದೆ ಹೋಗಿ ನಿಲಯಗಳನ್ನೇ ತನ್ನ ಅಂಗಗಳನ್ನಾಗಿ ಮಾಡಿಕೊಂಡಿತು. ಅಲ್ಲಿ ಮೊದಲಿಗೆ ಇದ್ದ ಮೂರು ನಿಲಯಗಳಲ್ಲಿ ಒಂದು ಮುಸ್ಲಿಮ್ ವಿದ್ಯಾರ್ಥಿಗಳಿಗೆ ಮೀಸಲಾಗಿತ್ತು.

ಎಲ್ಲರಿಗೂ ಒಂದೇ ನಿಲಯವಿದ್ದರೆ ಎಲ್ಲರೂ ಬರುವರೆಂಬ ನಂಬಿಕೆಯನ್ನು ಕೊಲ್ಹಾಪುರದ ಅನುಭವವು ಪರೀಕ್ಷೆಗೆ ಒಡ್ಡಿತು. ಛತ್ರಪತಿ ಶಾಹೂ ಮಹಾರಾಜರು ೧೮೯೬ರಲ್ಲಿ ಸರ್ವಜಾತಿಗಳಿಗೂ ಏರ್ಪಡಿಸಿದ ನಿಲಯವು ಆಚರಣೆಯಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳಿಂದಲೇ ತುಂಬಿತು. ಅನಂತರ, ೧೯೦೧ರಿಂದ ಮೊದಲ್ಗೊಂಡು, ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು, ಅಸ್ಪೃಶ್ಯರೆನಿಸಿಕೊಂಡವರು ಇವರಿಗೆ ಬೇರೆಬೇರೆ ನಿಲಯಗಳು ಅವರ ಆಶ್ರಯದಲ್ಲಿ ಹುಟ್ಟಿದುವು. ಮೈಸೂರು ಸಂಸ್ಥಾನದಲ್ಲಿಯೂ ಮುಂಬಯಿ ಕರ್ಣಾಟಕದಲ್ಲಿಯೂ ಇದೇ ದಶಕಗಳಲ್ಲಿ ಸಮಾಜಗಳ ಸಂಘಗಳೂ ಮಠಗಳೂ ಈ ಕಾರ್ಯವನ್ನು ಕೈಗೊಂಡುವು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜೂ ಸ್ಥಾಪಿತವಾದ ಮೇಲೆ ಇವುಗಳ ಅಗತ್ಯವು ಹೆಚ್ಚಿತು. ಡಾಕ್ಟರ್ ಅಂಬೇಡ್ಕರರು ೧೯೨೮ರಲ್ಲಿ ಸ್ಥಾಪಿಸಿದ ವಿದ್ಯಾಸಂಘದ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಸಮಾಜದ ನಿಲಯವನ್ನು ಬಿಟ್ಟು ಬೇರೆ ನೆಲೆಯನ್ನು ಕಂಡವರೂ ಉಂಟು. ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಕುವೆಂಪು ಅವರು ಮೈಸೂರಿನ ಶ್ರೀರಾಮಕೃಷ್ಣಾಶ್ರಮವನ್ನು ಸೇರಿ, ಓದು ಮುಗಿದ ಮೇಲೂ ಅಲ್ಲಿಯೇ ಹಲವು ವರ್ಷ ವಾಸಿಸಿದರು.

೬

ಸಮಾಜದ ನಿಲಯಗಳ ವಿರುದ್ಧ ಹೇಳುವ ಮುಖ್ಯವಾದ ಆಕ್ಷೇಪಣೆಯು ಬಲವುಳ್ಳದ್ದೇ. ಅಲ್ಲಿ ಬೆಳೆದ ಬಾಲಕನು ತನ್ನವರನ್ನು ಮಾತ್ರ ಅರಿತು ಉಳಿದವರನ್ನು ಅರಿಯದೆ ಹೋಗಬಹುದು. ನಾಲಂದೆಯಲ್ಲಿ ಕೋಣೆಯನ್ನು ನಿರ್ಣಯಿಸಿದುದು ವಯಸ್ಸು. ಇಲ್ಲಿ ನಿರ್ಣಯಿಸುವುದು ಜನ್ಮ. ವಯಸ್ಸು ಎಲ್ಲರಿಗೂ ಬರುವುದು, ಜನ್ಮವು ಬದಲಾಗದು. ಆದರೆ ಈ ಆಕ್ಷೇಪಣೆಗೆ ಉತ್ತರವು ಅದೇ ನಿಲಯಗಳ ಒಳಗಿನಿಂದ ಬಂದಿತು. ಇದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ಭಾವುರಾವ್ ಪಾಟೀಲರದು. ಇವರ ಪೂರ್ವಿಕರು ಮೂಡಬಿದರೆಯ ಕಡೆಯಿಂದ ಹೋದವರೆಂದು ಹೇಳುವರು. ವಿದ್ಯಾರ್ಥಿಯಾಗಿ ಇವರು ಕೊಲ್ಹಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದರು. ೧೯೦೮ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ನಿಲಯವು ತೆರೆದಾಗ ಆ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಗಾಗಿ ಸ್ನಾನಮಾಡಲು ಒಪ್ಪದೆ, ತಮ್ಮ ನಿಲಯದ ಆಶ್ರಯವನ್ನು ಕಳೆದುಕೊಂಡರೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ಅದೇ ಭಾವುರಾಯರು ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ೧೯೨೪ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಗಳ ಬಾಲಕರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ನಿಲಯವನ್ನು ತೆರೆದರು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಅದಕ್ಕೆ ಶಾಹೂ ಮಹಾರಾಜರ ಹೆಸರನ್ನಿಟ್ಟರು.

ಎರಡನೆಯದು ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳದು. ಪೂರ್ವಾಶ್ರಮದಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅವರಿಗೆ ಬೆಂಗಳೂರಿನಲ್ಲಿ ನೆಲೆಯಾದುದು, ಗುಬ್ಬಿ ತೋಟದಪ್ಪನವರ ಧರ್ಮದಿಂದ ವೀರಶೈವ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ನಿಲಯ. ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ನಡೆಸಿದ ವಿದ್ಯಾರ್ಥಿನಿಲಯದಲ್ಲಿ ಜಾತಿಮತಗಳನ್ನು ವಿಚಾರಿಸದೆ ಸಾವಿರಾರು ಬಾಲಕರಿಗೆ ಅನ್ನವೂ ಆಶ್ರಯವೂ ದೊರೆತುವು. ತನ್ನವರಿಗೆಂದು ಕಟ್ಟಿದ ಮನೆಯಲ್ಲಿ ಉಂಡವರು ಎಲ್ಲರಿಗೂ ಮನೆ ಕಟ್ಟಿದರು.

೭

ಇಲ್ಲಿಗೆ ಸಿದ್ಧವಾಗುವುದಿಷ್ಟು. ಅನ್ನವಸತಿಗಳನ್ನು ವಿಚಾರಿಸಿ ವಿದ್ಯಾಸ್ಥಾನವನ್ನು ಆರಿಸುವುದು ಪತಂಜಲಿಯ ಕಾಲಕ್ಕೇ ಹಳೆಯದು. ತಮ್ಮವರಿಗಾಗಿ ನಿಲಯವನ್ನು ಕಟ್ಟುವುದೂ ಹಳೆಯದು. ಹೊಸದಾದುದು ಒಂದೇ: ಹಿಂದೆ ಯಾವ ಶಾಲೆಯ ಲೆಕ್ಕದಲ್ಲಿಯೂ ಬಾರದಿದ್ದವನ ಮಗನು ಇಂದು ನವಾಗತನಾಗಿ ಬಂದು, ಎಲ್ಲಿ ಇರಲೆಂದು ಕೇಳುವ ಅಧಿಕಾರವನ್ನು ಪಡೆದಿರುವುದು. ಹಾಗೆ ಕೇಳುವವನಿಗೆ ತನ್ನವರ ನಿಲಯವೊಂದೇ ಬಾಗಿಲು ತೆರೆದರೆ ಅದು ಆಯ್ಕೆಯಾಗದು. ಆ ಬಾಗಿಲೂ ಇಲ್ಲದಿದ್ದರೆ ವಿದ್ಯೆಯೇ ಇಲ್ಲ. ಆದುದರಿಂದ ಸಮಾಜದ ನಿಲಯಗಳನ್ನು ಹಳಿಯುವವರು ಮೊದಲು ಸಾತಾರೆ ಸಿದ್ಧಗಂಗೆಗಳಂತಹ ಮನೆಗಳನ್ನು ಕಟ್ಟಬೇಕು. ಅವನ್ನು ನಡೆಸುವವರು, ತಮ್ಮ ಬಾಗಿಲಿನಿಂದ ಹೊರಟವನು ಎಷ್ಟು ಜನರಿಗೆ ಬಾಗಿಲು ತೆರೆದನೆಂಬುದರಿಂದ ತಮ್ಮ ಸಾರ್ಥಕ್ಯವನ್ನು ಎಣಿಸಬೇಕು.

'ಓದನಪಾಣ���ನೀಯ' ಎಂಬುದನ್ನು ವೈಯಾಕರಣರು ನಿಂದೆಯ ಶಬ್ದವಾಗಿ ಗಣಿಸಿದರು. ಸಾಲೋಟಗಿಯ ಗೃಹಸ್ಥರು ಮದುವೆಮುಂಜಿಗಳ ದಿನ ವಿದ್ಯಾರ್ಥಿಯನ್ನು ನೆನೆದು ಆ ನಿಂದೆಗೆ ಒಂದು ಬಗೆಯಲ್ಲಿ ಉತ್ತರವನ್ನು ಕೊಟ್ಟಿದ್ದರು. ಇಪ್ಪತ್ತನೆಯ ಶತಮಾನದ ವಿದ್ಯಾರ್ಥಿನಿಲಯಗಳು ಅದನ್ನು ಪೂರ್ಣಗೊಳಿಸಿದುವು. ಅನ್ನವಿದ್ದ ಕಡೆ ಹೋಗಿ ಓದಿದವನೂ ಪಾಣಿನೀಯನೇ.